ಬಿಸಿನೀರಿನ ಲೈನಿಗೆ ಹಾಕಿಸಿದ ಪ್ರೆಷರ್ ಪಂಪ್: ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ: ಪಂಪ್ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಷವರಿನಲ್ಲಿ ಬಿಸಿನೀರು ಸಣ್ಣಗೆ ಬರುತ್ತಿದೆ ಅಂದ ತಕ್ಷಣ ಪಂಪ್ ತರಲು ಅಂಗಡಿಗೆ ಹೊರಡುವವರು ಇದನ್ನು ಪೂರ್ತಿ ಓದಿ ಹೊರಡಿ. ನಮ್ಮ ಮನೆಯಲ್ಲಿ ಬಿಸಿನೀರಿಗೆ ಅಡ್ಡ ನಿಂತಿದ್ದ ಸಂಗತಿಗಳು ಮೂರ್ನಾಲ್ಕು. ಅದರಲ್ಲಿ ಪಂಪಿನಿಂದ ಸರಿಹೋಗುವಂಥದ್ದು ಒಂದೇ ಒಂದು.

ನಮ್ಮದು ಮೈಸೂರಿನ ಕುವೆಂಪುನಗರ. ಕೆಳಗಿನ ಮನೆಯಲ್ಲಿ ನಾವು, ಮೇಲಿನದು ಬಾಡಿಗೆಗೆ. ತಾರಸಿ ಮೇಲೆ ಸಾವಿರ ಲೀಟರಿನ ಕಪ್ಪು ಸಿಂಟೆಕ್ಸ್, ಪಕ್ಕದಲ್ಲಿ ಇನ್ನೂರು ಲೀಟರಿನ ಗಾಜಿನ ಕೊಳವೆಯ ಸೋಲಾರ್. ಕೆಳಗಿನ ಬಚ್ಚಲಿಗೆ ಎರಡೂ ನೀರು ಧೋ ಎಂದು ಬರುತ್ತದೆ. ಮೇಲಿನ ಬಚ್ಚಲು ತಾರಸಿಗೆ ಅಂಟಿಕೊಂಡೇ ಇದೆಯಲ್ಲ, ಅಲ್ಲಿ ಮೊದಲಿಂದಲೂ ನೀರು ಸೋಮಾರಿ. ಹಿಂದೆ ಇದ್ದವರು ಆಸೆಪಟ್ಟರು ಅಂತ ಅಲ್ಲಿ ಅಗಲದ ರೈನ್ ಷವರ್ ಹಾಕಿಸಿ, ಅದಕ್ಕೆ ಸಾಲದು ಅಂತ ತಣ್ಣೀರಿನ ಲೈನಿಗೆ ಒಂದು ಸಣ್ಣ ಪಂಪ್ ಕೂರಿಸಿದ್ದೆವು. ಅವರು ಹೋದರು. ಈಗಿರುವ ಹುಡುಗ ಹುಡುಗಿ ಬಂದರು. ಬಂದ ಮೊದಲ ಚಳಿಗಾಲದಲ್ಲೇ ದೂರು ಶುರು: "ಆಂಟಿ, ಷವರಲ್ಲಿ ಬಿಸಿನೀರೇ ಬರಲ್ಲ. ಹ್ಯಾಂಡಲ್ ಪೂರ್ತಿ ಆ ಕಡೆ ತಿರುಗಿಸಿದ್ರೆ ನೂಲಿನ ಥರ ಬರತ್ತೆ, ಸ್ವಲ್ಪ ಈ ಕಡೆ ತಂದ್ರೆ ಐಸ್."

ನಮ್ಮತ್ತೆಗೆ ಇದು ದೂರು ಅಂತಲೇ ಅನ್ನಿಸಲಿಲ್ಲ. "ಹಂಡೆ ಕಾಯಿಸ್ತಿದ್ದ ಕಾಲದಲ್ಲಿ ಯಾರು ಪ್ರೆಷರ್ ಕೇಳ್ತಿದ್ರು? ಬಕೆಟ್ ತುಂಬ್ಸಿ ಚೊಂಬಲ್ಲಿ ಸುರ್ಕೊಂಡ್ರೆ ಆಯ್ತಪ್ಪ" ಅಂದರು. ಅವರು ಇವತ್ತಿಗೂ ಹಾಗೇ ಸ್ನಾನ ಮಾಡುವುದು, ನಮಗಿಂತ ಚೆನ್ನಾಗಿಯೂ ಮಾಡುತ್ತಾರೆ. ಆದರೆ ಚೊಂಬು ತೋರಿಸಿ ಈ ಬಾಡಿಗೆ ಕೇಳುವ ಧೈರ್ಯ ನನಗಿಲ್ಲ.

ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿದರೆ, ಮನೆಯನ್ನು ನೋಡುವ ಗೋಜಿಗೇ ಹೋಗದೆ ಅರ್ಧ ಎಚ್‌ಪಿ ಪಂಪಿನ ಬೆಲೆ ಬರೆದುಕೊಟ್ಟರು. ಇನ್ನೊಬ್ಬರು ಟ್ಯಾಂಕಿನ ಸ್ಟ್ಯಾಂಡನ್ನು ಆರು ಅಡಿ ಎತ್ತರಿಸಿ ಅಂದರು. ಅಷ್ಟರಲ್ಲಿ ಮೇಲಿನ ಹುಡುಗಿ ಒಂದು ವಿಚಿತ್ರ ಹೇಳಿದಳು: "ಕರೆಂಟ್ ಹೋದಾಗ ಮಾತ್ರ ಬಿಸಿನೀರು ಪರವಾಗಿಲ್ಲ ಆಂಟಿ, ಬರತ್ತೆ." ನಮ್ಮೆಜಮಾನರು ನಕ್ಕರು. ಸೋಲಾರಿಗೂ ಕರೆಂಟಿಗೂ ಎಲ್ಲಿಯ ಸಂಬಂಧ?

ಸಂಬಂಧ ಇದೆ ಅಂತ ಹಿಡಿದವನು ಪಕ್ಕದ ಬೀದಿಯಲ್ಲಿ ಹೊಸ ಮನೆಗೆ ಕೆಲಸ ಮಾಡುತ್ತಿದ್ದ ಪ್ಲಂಬರ್ ಹುಡುಗ. ಅವನ ಕೆಲಸಕ್ಕೂ ಇಲ್ಲಿ ಮಾರ್ಕು ಕೊಡಬೇಕು, ಆಮೇಲೆ ಕೊಡುತ್ತೇನೆ. ಬಂದವನು ಸ್ಪ್ಯಾನರ್ ತೆಗೆಯುವ ಮುಂಚೆ ಬಕೆಟ್ ಕೇಳಿದ. ಹದಿನೈದು ಲೀಟರಿನ ಬಕೆಟ್ ಇಟ್ಟು ಮೊಬೈಲಿನಲ್ಲಿ ಟೈಮ್ ಹಿಡಿದ. ಪಂಪ್ ಓಡುವಾಗ ತಣ್ಣೀರು ಮಾತ್ರ ಬಿಟ್ಟರೆ ಒಂದೂಕಾಲು ನಿಮಿಷಕ್ಕೆ ಬಕೆಟ್ ತುಂಬಿತು. ಬಿಸಿನೀರು ಮಾತ್ರ ಬಿಟ್ಟರೆ ಐದು ನಿಮಿಷ, ಅಂದರೆ ನಿಮಿಷಕ್ಕೆ ಮೂರು ಲೀಟರ್. ಎರಡನ್ನೂ ಬೆರೆಸಿದರೆ ಬಕೆಟ್ಟಿನಲ್ಲಿ ಸುಮ್ಮನೆ ತಣ್ಣೀರು. ಆಮೇಲೆ ತಣ್ಣೀರಿನ ಪಂಪಿನ ಸ್ವಿಚ್ ಆರಿಸಿ ಮತ್ತೆ ಬೆರೆಸಿದ. ಬೆಚ್ಚಗೆ ಬಂತು. "ಅಮ್ಮಾ, ಮೇಲಿನವರು ಹೇಳಿದ್ದು ಸರಿ. ನಿಮ್ಮ ತಣ್ಣೀರಿನ ಪಂಪೇ ಬಿಸಿನೀರನ್ನ ತಳ್ತಿರೋದು" ಅಂದ.

ಇದರ ಲೆಕ್ಕ ಕಷ್ಟದ್ದಲ್ಲ. ಹತ್ತು ಮೀಟರ್ ಎತ್ತರದ ನೀರು ಹೆಚ್ಚು ಕಡಿಮೆ ಒಂದು ಬಾರ್ ಒತ್ತಡ ಕೊಡುತ್ತದೆ. ನಮ್ಮ ಷವರಿನ ಬಾಯಿಂದ ಸಿಂಟೆಕ್ಸಿನ ನೀರಿನ ಮಟ್ಟಕ್ಕೆ ಒಂಬತ್ತು ಅಡಿ, ಎರಡು ಮುಕ್ಕಾಲು ಮೀಟರ್ ಹಿಡಿಯಿರಿ, ಕಾಲು ಬಾರಿಗಿಂತ ಚೂರು ಜಾಸ್ತಿ. ಸೋಲಾರಿಗೆ ನೀರು ತುಂಬುವುದೂ ಅದೇ ಸಿಂಟೆಕ್ಸಿನಿಂದ, ಹಾಗಾಗಿ ಬಿಸಿನೀರಿಗೂ ಅಷ್ಟೇ ಬಲ. ತಣ್ಣೀರಿಗೆ ಪಂಪ್ ಸೇರಿ ಒಂದು ಬಾರ್ ಆಗಿದೆ. ಒಂದೇ ಹ್ಯಾಂಡಲಿನ ಮಿಕ್ಸರ್ ಒಳಗೆ ಎರಡೂ ಎದುರಾದಾಗ ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಾಗಿಲ್ಲ. ಗೆದ್ದದ್ದು ಅಲ್ಲಿಗೇ ಸುಮ್ಮನಾಗುವುದಿಲ್ಲ, ಬಿಸಿನೀರಿನ ಪೈಪಿನಲ್ಲಿ ಹಿಂದಕ್ಕೆ ಹತ್ತಿ ಸೋಲಾರ್ ಟ್ಯಾಂಕಿಗೇ ನುಗ್ಗುತ್ತದೆ.

ಅದನ್ನು ತೋರಿಸಲು ನನ್ನನ್ನು ತಾರಸಿಗೆ ಕರೆದುಕೊಂಡು ಹೋದ. ಸೋಲಾರ್ ಟ್ಯಾಂಕಿನಿಂದ ಗಾಳಿ ಹೋಗಲು ಒಂದು ಉದ್ದನೆಯ ಪೈಪ್ ಮೇಲಕ್ಕೆ ನಿಂತಿರುತ್ತದಲ್ಲ, ಅದರ ಬುಡದಲ್ಲಿ ಬೆರಳು ದಪ್ಪಕ್ಕೆ ಹಸಿರು ಪಾಚಿ. ಶಿವರಾತ್ರಿ ಕಳೆದ ಬಿಸಿಲು, ಉಳಿದ ತಾರಸಿ ಎಲ್ಲ ಒಣಗಿ ಬಿಳಿಚಿಕೊಂಡಿದೆ, ಅಲ್ಲಿ ಮಾತ್ರ ಒಂದು ಮೊರದಗಲ ಪಾಚಿ. ಮೇಲಿನವರು ಬೆಳಿಗ್ಗೆ ಸ್ನಾನ ಮಾಡಿದಾಗಲೆಲ್ಲ ತಣ್ಣೀರು ಸೋಲಾರಿಗೆ ಹೋಗಿ, ಅಲ್ಲಿಂದ ಗಾಳಿ ಪೈಪಿನ ತುದಿಯಿಂದ ಉಕ್ಕಿ ಸುರಿಯುತ್ತಿತ್ತು. ಕೆಳಗಿನ ಮನೆಯಲ್ಲಿ ನಮಗೂ ಎಂಟು ಗಂಟೆ ಮೇಲೆ ಬಿಸಿನೀರು ಉಗುರುಬೆಚ್ಚಗೆ ಬರುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಸೋಲಾರ್ ಹಳೆಯದಾಯಿತು ಅಂದುಕೊಂಡು ಎಜಮಾನರು ಹೊಸದರ ರೇಟು ಕೇಳಲು ಶುರು ಮಾಡಿದ್ದರು.

ಹಾಗೆ ಹಿಂದಕ್ಕೆ ಹೋಗದಿರಲಿ ಅಂತ ಹಿಂದೆ ಯಾರೋ ಬಿಸಿನೀರಿನ ಪೈಪಿಗೆ ಹಿತ್ತಾಳೆಯ ಎನ್‌ಆರ್‌ವಿ ಹಾಕಿದ್ದರು, ಅಂದರೆ ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್, ಒಳಗೆ ಸ್ಪ್ರಿಂಗ್ ಇರುವಂಥದ್ದು. ಮೇಲಿನ ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರಿಗೆ ಈ ಸ್ಪ್ರಿಂಗ್ ವಾಲ್ವ್ ಶತ್ರು. ಅದನ್ನು ತಳ್ಳಿ ಬಾಯಿ ತೆರೆಸುವುದಕ್ಕೇ ಒಂದಿಷ್ಟು ಒತ್ತಡ ಹೋಗುತ್ತದೆ. ಒಂದು ಬಾರ್ ಇದ್ದವರಿಗೆ ಅದು ಲೆಕ್ಕಕ್ಕಿಲ್ಲ, ಕಾಲು ಬಾರ್ ಇರುವ ನಮಗೆ ಕೈಯಲ್ಲಿದ್ದದ್ದರಲ್ಲೇ ದೊಡ್ಡ ಪಾಲು ಹೋಯಿತು. ಬಿಚ್ಚಿ ನೋಡಿದರೆ ಅದರ ಬಾಯಿಗೆ ಸುಣ್ಣದ ಚಕ್ಕೆ ಸಿಕ್ಕಿಕೊಂಡು ಪೂರ್ತಿ ಮುಚ್ಚುತ್ತಲೂ ಇರಲಿಲ್ಲ. "ಮುಂದಕ್ಕೂ ಬಿಡಲ್ಲ, ಹಿಂದಕ್ಕೂ ತಡೆಯಲ್ಲ" ಅಂತ ಅವನು ಅದನ್ನು ನನ್ನ ಕೈಗೇ ಕೊಟ್ಟ.

ಚಕ್ಕೆ ಎಲ್ಲಿಂದ ಅಂದರೆ, ಬೇಸಿಗೆಯಲ್ಲಿ ನಾವು ಕಾರ್ಪೊರೇಷನ್ ನೀರಿಗೆ ಬೋರ್ ನೀರು ಬೆರೆಸುತ್ತೇವೆ. ಗಡಸು ನೀರು ತಣ್ಣಗಿರುವಾಗ ಸುಣ್ಣ ಅದರಲ್ಲಿ ಕರಗಿಕೊಂಡೇ ಇರುತ್ತದೆ, ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೊರಗೆ ಬಂದು ಕೂರುತ್ತದೆ. ಅದಕ್ಕೇ ಎಲ್ಲರ ಮನೆಯಲ್ಲೂ ಮೊದಲು ಕಟ್ಟುವುದು ಬಿಸಿನೀರಿನ ಲೈನು. ನಮ್ಮ ಮಿಕ್ಸರಿನ ಕಾರ್ಟ್ರಿಜ್ ಬಿಚ್ಚಿದಾಗ ತಣ್ಣೀರಿನ ಕಣ್ಣು ಸ್ವಚ್ಛವಾಗಿತ್ತು, ಬಿಸಿನೀರಿನ ಕಣ್ಣಿನಲ್ಲಿ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚೂರುಗಳು ಅಡ್ಡಡ್ಡ ಕೂತಿದ್ದವು. ಷವರಿನ ತಟ್ಟೆಯನ್ನು ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ರಬ್ಬರ್ ತೂತುಗಳನ್ನು ಹೆಬ್ಬೆರಳಲ್ಲಿ ಉಜ್ಜಿದೆ. ಇಷ್ಟಕ್ಕೆ ಪ್ಲಂಬರ್ ಬೇಕಾಗಿಲ್ಲ, ಹತ್ತು ರೂಪಾಯಿಯ ನಿಂಬೆ ಉಪ್ಪು ಸಾಕು.

ಇನ್ನೊಂದು ಸೋಲಾರಿನ ಬುಡದ ಗೇಟ್ ವಾಲ್ವ್. ಚಕ್ರ ಸಲೀಸಾಗಿ ತಿರುಗುತ್ತಿತ್ತು, ಒಳಗಿನ ತಟ್ಟೆ ಮಾತ್ರ ಕಡ್ಡಿಯಿಂದ ಕಳಚಿ ಅರ್ಧ ದಾರಿಗೆ ಬಿದ್ದಿತ್ತು. ಹೊರಗಿನಿಂದ ಇದು ಗೊತ್ತೇ ಆಗುವುದಿಲ್ಲ. ಅದನ್ನು ತೆಗೆದು ಬಾಲ್ ವಾಲ್ವ್ ಹಾಕಿದ.

ಇಷ್ಟು ಮಾಡಿ ಮತ್ತೆ ಬಕೆಟ್ ಇಟ್ಟರೆ ಬಿಸಿನೀರು ಎರಡೂವರೆ ನಿಮಿಷಕ್ಕೆ ತುಂಬಿತು. ಮೂರು ಲೀಟರ್ ಇದ್ದದ್ದು ಆರಾಯಿತು, ಒಂದು ಪೈಸೆಯ ಪಂಪ್ ಇಲ್ಲದೆ. ಮಾಮೂಲಿ ಷವರ್ ಇದ್ದಿದ್ದರೆ ನಾನು ಅಲ್ಲಿಗೇ ಕೈಬಿಡುತ್ತಿದ್ದೆ. ಅವನೂ ಅದನ್ನೇ ಹೇಳಿದ: "ತಣ್ಣೀರಿನ ಪಂಪ್ ತೆಗೆದುಬಿಡಿ, ಈ ಅಗಲದ ಷವರ್ ಬದಲು ಸಣ್ಣ ತೂತಿನದು ಹಾಕಿ, ಖರ್ಚೇ ಇಲ್ಲ." ವ್ಯಾಪಾರ ಬರುವಾಗ ಬೇಡ ಅನ್ನುವ ಪ್ಲಂಬರನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ರೈನ್ ಷವರ್ ಬಾಡಿಗೆ ಮಾತಾಡುವಾಗ ತೋರಿಸಿ ಒಪ್ಪಿಸಿದ ವಸ್ತು, ಈಗ ತೆಗೆದರೆ ನ್ಯಾಯ ಅಲ್ಲ. ಕಾಲು ಬಾರಿಗೆ ಅದು ಹನಿ ಹನಿಯಾಗಿ ಅಳುತ್ತದೆ. ಹಾಗಾಗಿ ಪಂಪ್.

ಇನ್ನು ಪಂಪಿನ ಮಾತು. ಕಂಪನಿಯ ಹೆಸರು ಹೇಳಿ ಪ್ರಚಾರ ಮಾಡುವ ಆಸೆ ನನಗಿಲ್ಲ. ಹೆಸರಿಗಿಂತ ಅದರ ಮೈಮೇಲಿನ ಫಲಕ ಓದುವುದು ಮುಖ್ಯ. ಪೈಪಿನ ನಡುವೆಯೇ ಕೂರುವ ಸಣ್ಣ ಪಂಪ್ ಇದು, 120 ವ್ಯಾಟ್, ನಲ್ಲಿ ತಿರುಗಿಸಿದರೆ ತಾನೇ ಶುರು, ಮುಚ್ಚಿದರೆ ತಾನೇ ಬಂದ್. ಅಂಗಡಿಯವರು ಮೊದಲು ತೋರಿಸಿದ್ದರ ಫಲಕದಲ್ಲಿ ನೀರಿನ ಗರಿಷ್ಠ ಬಿಸಿ 60 ಡಿಗ್ರಿ ಅಂತ ಇತ್ತು. ಏಪ್ರಿಲ್ ಮಧ್ಯಾಹ್ನ ನಮ್ಮ ಸೋಲಾರ್ ನೀರು ಅದನ್ನು ಆರಾಮಾಗಿ ದಾಟುತ್ತದೆ. "ಏನೂ ಆಗಲ್ಲ ಮೇಡಂ, ಎಲ್ರೂ ಹಾಕ್ತಾರೆ" ಅಂದರು. ನಾನು 95 ಬರೆದಿದ್ದನ್ನೇ ಕೇಳಿ ತಗೊಂಡೆ, ಎಂಟುನೂರು ರೂಪಾಯಿ ಜಾಸ್ತಿ ಆಯಿತು, ಒಟ್ಟು ಆರು ಸಾವಿರದ ಮೇಲೆ. ಎರಡನೆಯದು, ಹೆಡ್ ಅಂತ ಬರೆದಿರುವ ಸಂಖ್ಯೆ, ಅಂದರೆ ಪಂಪ್ ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬಲ್ಲದು ಅನ್ನುವುದು. ತಣ್ಣೀರಿನ ಪಂಪಿನ ಫಲಕದಲ್ಲಿ ಎಷ್ಟಿತ್ತೋ ಅಷ್ಟೇ ಇರುವುದನ್ನು ಆರಿಸಿದೆವು. ಅರ್ಧ ಎಚ್‌ಪಿಯದು ತಂದಿದ್ದರೆ ಕಥೆ ಉಲ್ಟಾ ಆಗುತ್ತಿತ್ತು, ಬಿಸಿನೀರು ತಣ್ಣೀರನ್ನು ತಳ್ಳಿ ಯಾರದ್ದಾದರೂ ಬೆನ್ನು ಸುಡುತ್ತಿತ್ತು.

ಕೂರಿಸುವುದರಲ್ಲೂ ಸೂಕ್ಷ್ಮ ಇದೆ. ಪಂಪಿನ ಮೋಟಾರಿನ ಕಡ್ಡಿ ಮಲಗಿರಬೇಕು, ನಿಂತಿರಬಾರದು. ಇಂಥ ಪಂಪಿನಲ್ಲಿ ಬೇರಿಂಗಿಗೆ ನೀರೇ ಎಣ್ಣೆ, ನಿಲ್ಲಿಸಿದರೆ ಮೇಲೆ ಗಾಳಿ ನಿಂತು ಒಣಗುತ್ತದೆ. ಎರಡೂ ಕಡೆ ಯೂನಿಯನ್ ಹಾಕಿಸಿದ್ದೇವೆ, ನಾಳೆ ಬಿಚ್ಚಬೇಕಾದರೆ ಪೈಪ್ ಕೊಯ್ಯಬೇಕಾಗಿಲ್ಲ. ಸ್ಪ್ರಿಂಗ್ ವಾಲ್ವಿನ ಬದಲು ಹೊಸ ಎನ್‌ಆರ್‌ವಿ ಪಂಪಿನ ಮುಂದೆ ಬಂತು, ಅಲ್ಲಿ ತಳ್ಳಲು ಪಂಪಿನ ಬಲ ಇದೆ. ಸಿಂಟೆಕ್ಸಿನಿಂದ ಸೋಲಾರಿಗೆ ಬರುವ ಅರ್ಧ ಇಂಚಿನ ಪೈಪನ್ನು ಮುಕ್ಕಾಲು ಇಂಚು ಮಾಡಿಸಿದ. ಇದು ಬೇಕಾ ಅಂತ ನಾನು ಚೌಕಾಸಿ ಮಾಡಿದೆ. ಬೇಕಂತೆ. ಪಂಪ್ ಎಳೆಯುವ ವೇಗಕ್ಕೆ ತುಂಬುವ ನೀರು ಸಾಲದಿದ್ದರೆ ಗಾಳಿ ಪೈಪಿನಲ್ಲಿ ನೀರು ಇಳಿದು, ಪಂಪ್ ಗಾಳಿ ಎಳೆದುಕೊಂಡು ಷವರ್ ಕೆಮ್ಮಲು ಶುರು ಮಾಡುತ್ತದೆ. ಬಿಸಿನೀರಿನ ಲೈನಿಗೆಲ್ಲ ಬಿಸಿ ತಡೆಯುವ ಸಿಪಿವಿಸಿ ಪೈಪೇ. ಒಂದು ಕಡೆ ಹಿಂದಿನವರು ಉಳಿತಾಯಕ್ಕೆ ಬಿಳಿ ಪಿವಿಸಿ ತುಂಡು ಸೇರಿಸಿದ್ದು ಬಾಗಿಹೋಗಿತ್ತು, ಅದನ್ನೂ ಬದಲಿಸಿದ. ವೈರಿಂಗಿಗೆ ಅರ್ಥಿಂಗ್ ಮತ್ತು ಕರೆಂಟ್ ಸೋರಿದ ತಕ್ಷಣ ಟ್ರಿಪ್ ಆಗುವ ಆರ್‌ಸಿಸಿಬಿ ಕಡ್ಡಾಯ. ಸ್ವಿಚ್ ಬಚ್ಚಲಿನ ಹೊರಗೆ. ಪಂಪ್ ತಾರಸಿಯಲ್ಲಿರುವುದರಿಂದ ಮಳೆ ಬೀಳದಂತೆ ಒಂದು ತಗಡಿನ ಮುಚ್ಚಳ.

ಫಲಿತಾಂಶ? ಬಿಸಿನೀರು ಮಾತ್ರ ಬಿಟ್ಟರೆ ಹದಿನೈದು ಲೀಟರಿನ ಬಕೆಟ್ ಒಂದೂಕಾಲು ನಿಮಿಷ, ತಣ್ಣೀರಿನಷ್ಟೇ. ಹ್ಯಾಂಡಲ್ ನಡುವೆ ಇಟ್ಟರೆ ನಡುವಿನ ಬಿಸಿ ಬರುತ್ತದೆ. ಮೇಲಿನ ಹುಡುಗ ಮಾರನೆಯ ದಿನ ಮೆಟ್ಟಿಲಲ್ಲಿ ಸಿಕ್ಕಾಗ "ಹೋಟೆಲ್ ಥರ ಇದೆ ಆಂಟಿ" ಅಂದ. ನಮಗೆ ಕೆಳಗೂ ಈಗ ಎಂಟೂವರೆಗೆ ಸುಡುವ ನೀರು. ಪಾಚಿ ಒಣಗಿ ಉದುರಿಹೋಯಿತು. ಕರೆಂಟ್ ಖರ್ಚು ಏನೂ ಅಲ್ಲ: ದಿನಕ್ಕೆ ಇಪ್ಪತ್ತು ನಿಮಿಷ ಓಡಿದರೂ ತಿಂಗಳಿಗೆ ಒಂದು ಯೂನಿಟ್ಟಿನ ಮೇಲೆ ಚೂರು. ಕರೆಂಟ್ ಹೋದರೆ ಎರಡೂ ಪಂಪ್ ನಿಂತು, ನಿಂತ ಪಂಪಿನ ಒಳಗಿಂದಲೇ ನೀರು ತಾನಾಗಿ ಇಳಿಯುತ್ತದೆ. ಸಣ್ಣಗೆ ಬರುತ್ತದೆ, ಆದರೆ ಎರಡೂ ಸಮ.

ಈಗ ಇಷ್ಟವಾಗದ್ದು. ಬಿಸಿನೀರು ಬೇಗ ಮುಗಿಯುತ್ತದೆ. ಇದು ಪಂಪಿನ ತಪ್ಪಲ್ಲ, ಧಾರೆ ಜೋರಾದಷ್ಟು ಟ್ಯಾಂಕ್ ಬೇಗ ಖಾಲಿ. ನರಕ ಚತುರ್ದಶಿಗೆ ಮೇಲಿನವರ ಮನೆಗೆ ಅಪ್ಪ ಅಮ್ಮ, ತಮ್ಮ ಎಲ್ಲ ಬಂದಿದ್ದರು. ಎಣ್ಣೆ ಹಚ್ಚಿಕೊಂಡು ಕೂತವರ ಸಾಲು ಮುಗಿಯುವ ಮುಂಚೆ ಸೋಲಾರ್ ಮುಗಿದಿತ್ತು, ಮೋಡದ ದಿನ ಬೇರೆ. ನಮ್ಮತ್ತೆ ಮಾತ್ರ ಹಿಂದಿನ ರಾತ್ರಿಯೇ ನೀರು ತುಂಬಿಟ್ಟು ಒಲೆಯಲ್ಲಿ ಕಾಯಿಸಿಕೊಂಡು ಬೆಳಗಿನ ಜಾವವೇ ಅಭ್ಯಂಜನ ಮುಗಿಸಿದ್ದರು. ಏನೂ ಮಾತಾಡಲಿಲ್ಲ, ಅದೇ ಜಾಸ್ತಿ.

ಸದ್ದು: ಪಂಪ್ ಓಡುವಾಗ ಗುಂಯ್ ಅನ್ನುತ್ತದೆ, ಮೇಲಿನ ಮಲಗುವ ಕೋಣೆಗೆ ಕೇಳುತ್ತಿತ್ತು. ಕೆಳಗೆ ರಬ್ಬರ್ ಪ್ಯಾಡ್ ಕೊಟ್ಟ ಮೇಲೆ ಕಡಿಮೆ. ಅದಕ್ಕಿಂತ ಕಿರಿಕಿರಿ ಅಂದರೆ ಮುಖ ತೊಳೆಯಲು ನಲ್ಲಿ ಸ್ವಲ್ಪವೇ ತಿರುಗಿಸಿದಾಗ. ಪಂಪ್ ಶುರುವಾಗಲು ಪೈಪಿನಲ್ಲಿ ಇಂತಿಷ್ಟು ಹರಿವು ಇರಲೇಬೇಕು. ಸಣ್ಣ ಧಾರೆಗೆ ಆನ್ ಆಗಲೋ ಬೇಡವೋ ಅಂತ ಟಕ್ ಟಕ್ ಅನ್ನುತ್ತಾ ಬಿಟ್ಟುಬಿಟ್ಟು ಓಡುತ್ತದೆ. ಪೈಪ್ ಕಟ್ಟಿರುವಾಗ ಇಂಥ ಪಂಪ್ ತಂದು ಹಾಕಿದರೆ ಅದು ಶುರುವೇ ಆಗದಿರುವ ಸಾಧ್ಯತೆ ಇದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಗೀಸರ್ ಇರುವವರಿಗೆ ಎರಡು ಮಾತು, ಏಕೆಂದರೆ ನನ್ನ ತಂಗಿ ಇದನ್ನು ಕೇಳಿ ತಾನೂ ಹಾಕಿಸಲು ಹೊರಟಿದ್ದಳು. ಅವಳದು ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್, ಮೂರು ಕಿಲೋವ್ಯಾಟ್. ಅಷ್ಟು ಕರೆಂಟಿಗೆ ನಿಮಿಷಕ್ಕೆ ಮೂರು ಲೀಟರ್ ಹರಿದರೆ ನೀರು ಹದಿನಾಲ್ಕು ಡಿಗ್ರಿ ಏರುತ್ತದೆ, ಆರು ಲೀಟರ್ ಹರಿದರೆ ಏಳೇ ಡಿಗ್ರಿ. ಜನವರಿಯ ಬೆಳಿಗ್ಗೆ ಇಪ್ಪತ್ತು ಡಿಗ್ರಿಯ ನೀರಿಗೆ ಏಳು ಸೇರಿಸಿಕೊಂಡು ಸ್ನಾನ ಮಾಡಿ ನೋಡಿ. ಅಲ್ಲಿ ಸಣ್ಣ ಧಾರೆ ರೋಗವಲ್ಲ, ಅದರ ಸ್ವಭಾವ. ಹದಿನೈದು, ಇಪ್ಪತ್ತೈದು ಲೀಟರಿನ ಸ್ಟೋರೇಜ್ ಗೀಸರ್ ಆದರೆ ಬೇರೆ: ತಣ್ಣೀರಿನ ಪೈಪ್ ಗೀಸರಿಗೂ ಷವರಿಗೂ ಕವಲಾಗುವ ಮುಂಚೆಯೇ ಪಂಪ್ ಹಾಕಿದರೆ ಒಂದೇ ಪಂಪ್ ಎರಡಕ್ಕೂ ಆಯಿತು, ಗೀಸರಿನ ಮೇಲೆ ಬರೆದಿರುವ ಒತ್ತಡದ ಮಿತಿ ಮತ್ತು ಸೇಫ್ಟಿ ವಾಲ್ವ್ ನೋಡಿಕೊಂಡು. ಗಾಜಿನ ಕೊಳವೆಯ ಸೋಲಾರಿಗೆ ಮಾತ್ರ ಹಾಗೆ ಹಿಂದಿನಿಂದ ಪಂಪ್ ಮಾಡಬೇಡಿ. ಆ ಟ್ಯಾಂಕ್ ಒತ್ತಡ ತಡೆಯುವುದಕ್ಕೆ ಮಾಡಿದ್ದಲ್ಲ.

ಪ್ಲಂಬರಿಗೆ ಕೊಡುವ ಮಾರ್ಕು ಬಾಕಿ ಇತ್ತಲ್ಲ. ಬುದ್ಧಿಗೆ ಹತ್ತಕ್ಕೆ ಹತ್ತು. ಶನಿವಾರ ಬರುತ್ತೇನೆ ಅಂದು ಸೋಮವಾರ ಬಂದಿದ್ದಕ್ಕೆ, ತಾರಸಿ ತುಂಬ ಟೆಫ್ಲಾನ್ ಟೇಪಿನ ಚೂರು ಬಿಟ್ಟು ಹೋಗಿದ್ದಕ್ಕೆ, ಗೋಡೆ ಒಡೆದ ಕಡೆ ಸಿಮೆಂಟ್ ಹಚ್ಚಲು "ನಾಳೆ ಬರ್ತೀನಮ್ಮಾ" ಅಂದು ಇನ್ನೂ ಬಾರದಿರುವುದಕ್ಕೆ ಮೂರು ಕಳೆದಿದ್ದೇನೆ. ಕೂಲಿ ಎರಡೂವರೆ ಸಾವಿರ ತಗೊಂಡ, ಹೆಚ್ಚೇನಲ್ಲ. ಪಂಪಿಗೆ ಐದಕ್ಕೆ ನಾಲ್ಕು. ಆ ಟಕ್ ಟಕ್ ಇಲ್ಲದಿದ್ದರೆ ಐದೂ ಕೊಡುತ್ತಿದ್ದೆ. ವಾರಂಟಿ ಎರಡು ವರ್ಷ, ಆದರೆ ಒಣಗಿ ಓಡಿ ಸುಟ್ಟರೆ ಸಿಗುವುದಿಲ್ಲ ಅಂತ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿದೆ. ಟ್ಯಾಂಕ್ ತೊಳೆಸುವ ದಿನ ಎರಡೂ ಪಂಪಿನ ಸ್ವಿಚ್ ಆರಿಸಿ ಅಂತ ಮೇಲಿನ ಮನೆಯ ಸ್ವಿಚ್ ಬೋರ್ಡಿಗೆ ಚೀಟಿ ಅಂಟಿಸಿದ್ದೇನೆ.